ರಾಮನ್ನೋ ಎಫ್‌ಟಿಐಆರೋ? ಮೊದಲು ಸ್ಯಾಂಪಲ್ ಒದ್ದೆಯೋ ಒಣಗಿದ್ದೋ ನೋಡಿ

ಲ್ಯಾಬಿಗೆ ಹೊಸದಾಗಿ ಸೇರಿದವರು ತಪ್ಪದೆ ಕೇಳುತ್ತಾರೆ: ರಾಮನ್ ಕಲಿಯಲಾ, ಎಫ್‌ಟಿಐಆರ್ ಕಲಿಯಲಾ? ಸ್ಯಾಂಪಲ್‌ನಲ್ಲಿ ಯಾವ ಅಣುಗಳಿವೆ ಅಂತ ಡೈ ಹಾಕದೆ ಬೆಳಕಿನಿಂದಲೇ ಗುರುತಿಸುವ ಎರಡು ವಿಧಾನ ಇವು: ರಾಮನ್ ಲೇಸರ್ ಬಿಟ್ಟು ಚದುರಿ ಬರುವ ಬೆಳಕನ್ನು ನೋಡುತ್ತದೆ, ಎಫ್‌ಟಿಐಆರ್ ಇನ್‌ಫ್ರಾರೆಡ್ ಬೆಳಕನ್ನು ಬಳಸುತ್ತದೆ. ಬಾಯಿ ಕ್ಯಾನ್ಸರಿನ ಅಂಗಾಂಶದ ಮೇಲೆ ನಾಲ್ಕು ವರ್ಷ ಎರಡನ್ನೂ ಬಳಸಿದ್ದೇನೆ, ಜೊತೆಗೆ ಕಾನ್‌ಫೋಕಲ್ ಫ್ಲೋರೆಸೆನ್ಸ್ ಮೈಕ್ರೋಸ್ಕೋಪನ್ನೂ (ಡೈ ಹಾಕಿದ ಭಾಗ ಬೆಳಕು ಬಿದ್ದಾಗ ಹೊಳೆಯುವುದನ್ನು ನೋಡುವ ಸಾಧನ). ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಸ್ಯಾಂಪಲ್ ಒದ್ದೆಯೋ, ಒಣಗಿದ್ದೋ?

ಎಫ್‌ಟಿಐಆರ್‌ಗೆ ನೀರೆಂದರೆ ಆಗದು. ಇನ್‌ಫ್ರಾರೆಡ್ ಬೆಳಕನ್ನು ಅಣುಗಳು ಎಷ್ಟು ಹೀರುತ್ತವೆ ಅನ್ನುವುದನ್ನು ಅದು ಅಳೆಯುತ್ತದೆ. ಆ ಅಳತೆಯ ಗೆರೆಚಿತ್ರವೇ ಸ್ಪೆಕ್ಟ್ರಮ್, ಅದರಲ್ಲಿ ಎದ್ದು ಕಾಣುವ ಶಿಖರವೇ ಪೀಕ್. ಪ್ರೋಟೀನಿನ ಗುರುತಾದ ಅಮೈಡ್ 1 ಪೀಕ್ ಬರುವುದು 1650ರ ಆಸುಪಾಸಿನ ಅಲೆಸಂಖ್ಯೆಯಲ್ಲಿ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕ), ನೀರು ಜೋರಾಗಿ ಹೀರುವುದೂ 1640ರ ಹತ್ತಿರವೇ. ಮೊದಲ ವರ್ಷ ಜೀವಂತ ಕೋಶಗಳನ್ನು ಮೀಡಿಯಂ (ಕೋಶ ಬೆಳೆಸುವ ದ್ರವ) ಸಮೇತ ಇಟ್ಟು ಮೂರು ವಾರ ಒದ್ದಾಡಿದೆ, ಬಂದದ್ದೆಲ್ಲ ನೀರಿನ ಪೀಕೇ. ಅದೇ ಕೋಶಗಳನ್ನು ರಾಮನ್ ಕೆಳಗೆ ಇಟ್ಟ ದಿನ ಪ್ರೋಟೀನಿನಲ್ಲಿರುವ ಅಮೈನೋ ಆಮ್ಲ ಫಿನೈಲ್‌ಅಲನೀನಿನ 1004ರ ಚೂಪಾದ ಪೀಕ್ ಮೊದಲ ಸ್ಪೆಕ್ಟ್ರಮ್ಮಿನಲ್ಲೇ ಎದ್ದು ನಿಂತಿತು. ನೀರಿನ ರಾಮನ್ ಸಿಗ್ನಲ್ ಬಹಳ ಕಡಿಮೆ, ಹಾಗಾಗಿ ಅದು ಅಡ್ಡ ಬರುವುದಿಲ್ಲ. ಜೀವಂತ ಕೋಶಕ್ಕೆ ನನ್ನ ಮತ ಕಣ್ಣು ಮುಚ್ಚಿಕೊಂಡು ರಾಮನ್‌ಗೇ.

ಆದರೆ ಅಂಗಾಂಶದ ಒಣಗಿದ ತೆಳು ಚೂರು ಅಂದರೆ ಕಥೆಯೇ ಬೇರೆ. ನಾನು ಬಳಸುವ ಎಫ್‌ಟಿಐಆರ್ ಮೈಕ್ರೋಸ್ಕೋಪಿನ ಡಿಟೆಕ್ಟರಿನಲ್ಲಿ 64×64 ಪಿಕ್ಸೆಲ್ ಇದೆ, ಅಂದರೆ 4096 ಸ್ಪೆಕ್ಟ್ರಮ್ ಒಂದೇ ಸಲಕ್ಕೆ, ಕೆಲವೇ ನಿಮಿಷಗಳಲ್ಲಿ. ರಾಮನ್‌ನಲ್ಲಿ ಒಂದೊಂದೇ ಚುಕ್ಕಿಯಾಗಿ ಹೋಗಬೇಕು. 60×60 ಚುಕ್ಕಿ, ಒಂದೊಂದಕ್ಕೆ 5 ಸೆಕೆಂಡ್, ಲೆಕ್ಕ ಹಾಕಿದರೆ ಬರೋಬ್ಬರಿ 5 ಗಂಟೆ. ಚದುರುವ ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ ಒಂದು ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ, ಅದಕ್ಕಾಗಿ ಕಾಯದೆ ಬೇರೆ ದಾರಿ ಇಲ್ಲ. ರಾತ್ರಿ ಮ್ಯಾಪ್ ಹಾಕಿ ಕೂತಾಗಲೆಲ್ಲ 1928 ನೆನಪಾಗುತ್ತದೆ, ಲೇಸರ್ ಅನ್ನುವುದೇ ಇಲ್ಲದ ಕಾಲದಲ್ಲಿ ಕಲ್ಕತ್ತಾದಲ್ಲಿ ಸಿ.ವಿ. ರಾಮನ್ ಮತ್ತು ಅವರ ಶಿಷ್ಯ ಕೆ.ಎಸ್. ಕೃಷ್ಣನ್ ಈ ಮಂದ ಬೆಳಕನ್ನು ಗುರುತಿಸಿದರಲ್ಲ, ಆ ತಾಳ್ಮೆಗೆ ಕೈ ಮುಗಿಯಬೇಕು ಅನಿಸುತ್ತದೆ.

ಕಾದಿದ್ದಕ್ಕೆ ಫಲವೂ ಇದೆ. ಎಫ್‌ಟಿಐಆರ್‌ನಲ್ಲಿ 5ರಿಂದ 10 ಮೈಕ್ರಾನಿಗಿಂತ ಚಿಕ್ಕದು ಬಿಡಿಯಾಗಿ ಕಾಣುವುದು ಕಷ್ಟ, ಒಂದು ಕೋಶ ಕೆಲವೇ ಪಿಕ್ಸೆಲ್‌ಗಳಲ್ಲಿ ಮುಗಿದು ಹೋಗುತ್ತದೆ. ರಾಮನ್ ಒಂದು ಮೈಕ್ರಾನಿನ ಹತ್ತಿರ ಹೋಗುತ್ತದೆ, ಒಳ್ಳೆಯ ಲೆನ್ಸ್ ಇದ್ದರೆ ಅದಕ್ಕೂ ಕೆಳಗೆ. ಕೋಶದ ನ್ಯೂಕ್ಲಿಯಸ್ ಎಲ್ಲಿ, ಕೊಬ್ಬಿನ ಹನಿ ಎಲ್ಲಿ ಅನ್ನುವುದು ಬೇರೆಬೇರೆಯಾಗಿ ಕಾಣುತ್ತದೆ.

ಲೇಸರ್ ಯಾವುದು ಅನ್ನುವ ವಿಷಯದಲ್ಲಿ ನಾನು ಜಾಸ್ತಿ ಸಮಯ ಕಳೆದುಕೊಂಡೆ. 532 ನ್ಯಾನೋಮೀಟರ್ ಲೇಸರಿಗೆ ಸಿಗ್ನಲ್ ಚೆನ್ನಾಗಿ ಬರುತ್ತದೆ, ಆದರೆ ಅಂಗಾಂಶ ತಾನೇ ಫ್ಲೋರೆಸೆನ್ಸ್ ಸೂಸಿ ಪೀಕುಗಳನ್ನೆಲ್ಲ ಮುಚ್ಚಿಬಿಡುತ್ತದೆ, ರಕ್ತ ಅಂಟಿದ ಚೂರಾದರೆ ಇನ್ನೂ ಕಷ್ಟ. 785ಕ್ಕೆ ಹೋದರೆ ಆ ಕಾಟ ಕಡಿಮೆ, ಆದರೆ ರಾಮನ್ ಸಿಗ್ನಲ್ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂಗಾಂಶಕ್ಕೆ 785 ಬಿಟ್ಟು ನಾನೀಗ ಬೇರೆ ಮುಟ್ಟುವುದಿಲ್ಲ.

ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಎಫ್‌ಟಿಐಆರ್ ಒಳಗೆ ಬೆಳಕನ್ನು ಎರಡಾಗಿ ಒಡೆಯುವ ಬೀಮ್‌ಸ್ಪ್ಲಿಟರ್ ಸಾಮಾನ್ಯವಾಗಿ ಪೊಟ್ಯಾಷಿಯಂ ಬ್ರೋಮೈಡಿನದು, ಉಪ್ಪಿನ ಹಾಗೆ ತೇವ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಬದಲಿಸುವುದನ್ನು ಮರೆಯಬೇಡಿ, ಒಣ ನೈಟ್ರೋಜನ್ ಹಾಯಿಸುವುದನ್ನೂ. ಇಲ್ಲದಿದ್ದರೆ ಗಾಳಿಯ ತೇವ ಸ್ಪೆಕ್ಟ್ರಮ್ಮಿನ ತುಂಬ ಸಣ್ಣ ಸಣ್ಣ ಮುಳ್ಳುಗಳಾಗಿ ಕಾಣಿಸುತ್ತದೆ. ಡಿಟೆಕ್ಟರಿಗೆ ದ್ರವ ನೈಟ್ರೋಜನ್ ಬೇರೆ ತುಂಬಿಸುತ್ತಿರಬೇಕು. ರಾಮನ್‌ನಲ್ಲಿ ಇಷ್ಟು ಉಪಚಾರ ಬೇಕಾಗಿಲ್ಲ.

ಫ್ಲೋರೆಸೆನ್ಸ್? ವೇಗದಲ್ಲಿ, ಸ್ಪಷ್ಟತೆಯಲ್ಲಿ ರಾಮನ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಯಾವ ಪ್ರೋಟೀನ್ ಬೇಕು ಅನ್ನುವುದು ಮೊದಲೇ ಗೊತ್ತಿರಬೇಕು, ಡೈ ಹಾಕಬೇಕು, ಡೈ ಬೆಳಕಿಗೆ ಮಾಸುತ್ತದೆ. ಏನು ಹುಡುಕುತ್ತಿದ್ದೇವೆ ಅಂತಲೇ ಗೊತ್ತಿಲ್ಲದಾಗ ಅದರಿಂದ ಶುರು ಮಾಡಬೇಡಿ.

ನಾನೀಗ ರಾಮನ್, ಎಫ್‌ಟಿಐಆರ್ ಎರಡನ್ನೂ ಒಂದೇ ಚೂರಿನ ಮೇಲೆ ಮಾಡುತ್ತೇನೆ. ಗಾಜಿನ ಸ್ಲೈಡ್ ಬೇಡ, ನಮಗೆ ಬೇಕಾದ ಇನ್‌ಫ್ರಾರೆಡ್ಡನ್ನು ಅದು ನುಂಗಿಬಿಡುತ್ತದೆ, 785ರಲ್ಲಿ ತನ್ನದೇ ಅಗಲವಾದ ಹಿನ್ನೆಲೆಯನ್ನೂ ಕೊಡುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್ ಸ್ಲೈಡ್ ದುಬಾರಿ ನಿಜ, ಆದರೆ ಎರಡಕ್ಕೂ ಆಗುತ್ತದೆ, ಹುಷಾರಾಗಿ ತೊಳೆದು ಮತ್ತೆ ಬಳಸಬಹುದು. ಮೊದಲು ಎಫ್‌ಟಿಐಆರ್‌ನಲ್ಲಿ ಇಡೀ ಚೂರಿನ ನಕ್ಷೆ ತೆಗೆಯುತ್ತೇನೆ. ಅನುಮಾನ ಬಂದ ನಾಲ್ಕೈದು ಜಾಗಕ್ಕೆ ಮಾತ್ರ ರಾಮನ್ ಹಾಕುತ್ತೇನೆ. ಈ ಕ್ರಮ ತಿರುಗಿಸಬೇಡಿ, ಲೇಸರ್ ಜೋರಾಗಿ ಅಂಗಾಂಶ ಸುಟ್ಟರೆ ಆಮೇಲೆ ಎಫ್‌ಟಿಐಆರ್‌ಗೆ ಏನೂ ಉಳಿಯುವುದಿಲ್ಲ. ಎಚ್ ಅಂಡ್ ಇ ಸ್ಟೇನ್ (ಪೆಥಾಲಜಿಸ್ಟ್ ನೋಡಲು ಅಂಗಾಂಶಕ್ಕೆ ಹಾಕುವ ಹೆಮಟಾಕ್ಸಿಲಿನ್, ಇಯೋಸಿನ್ ಬಣ್ಣ) ಕಟ್ಟಕಡೆಗೆ, ಯಾಕೆಂದರೆ ಬಣ್ಣ ಒಮ್ಮೆ ಬಿದ್ದರೆ ಅದರ ಸಿಗ್ನಲ್ ನಡುವೆ ಅಂಗಾಂಶದ ರಾಮನ್ ಪೀಕ್ ಹುಡುಕುವುದು ಕಷ್ಟ. ಆಮೇಲೆ ಆ ಸ್ಲೈಡನ್ನು ಪೆಥಾಲಜಿಸ್ಟ್ ಹತ್ತಿರ ಒಯ್ದು, ಅವರು ಗುರುತು ಹಾಕಿದ ಜಾಗವನ್ನು ನನ್ನ ನಕ್ಷೆಯ ಪಕ್ಕ ಇಟ್ಟು ನೋಡುತ್ತೇನೆ.