ಡ್ಯಾಮ್‌ಗೆ ಫೈಬರ್ ತೆಪ್ಪ ತಗೊಳ್ಳೋರು ದುಡ್ಡು ಕೊಡೋ ಮುಂಚೆ ಓದಿ

ಹಿರಿಯೂರು ಹತ್ರದ ಮಾರಿಕಣಿವೆ ಡ್ಯಾಮಲ್ಲಿ (ವಾಣಿವಿಲಾಸ ಸಾಗರ) ಮೀನು ಹಿಡಿಯೋಕೆ ಫೈಬರ್ ತೆಪ್ಪ ತಗೊಳ್ಳೋ ಯೋಚನೆ ಯಾರಿಗಾದ್ರೂ ಇದ್ರೆ ದಯವಿಟ್ಟು ಇದನ್ನ ಓದಿ. ಹೈವೇ ಪಕ್ಕ ಶೆಡ್ ಹಾಕ್ಕೊಂಡು ಮಾರೋ ಒಬ್ಬ ನನಗೆ ಕೊಟ್ಟಿದ್ದು ತೆಪ್ಪ ಅಲ್ಲ, ಜೀವ ತೆಗೆಯೋ ಸಾಮಾನು. ಹೆಸರು ಹಾಕಲ್ಲ. ಮಾಡಿದ್ದನ್ನ ಮಾತ್ರ ಬಿಡದೆ ಬರೀತೀನಿ.

ಬಿದಿರಿನ ತೆಪ್ಪಕ್ಕೆ ಟಾರು ಬಳಿಯೋದು, ಶೀಟು ಬದಲಾಯಿಸೋದು ತಪ್ಪೋದಿಲ್ಲ, ನಿಜ. ಆದ್ರೆ ನೀರು ತುಂಬಿದ್ರೂ ಅದು ತೇಲುತ್ತೆ, ಅಂಚು ಹಿಡ್ಕೊಂಡು ಜೀವ ಉಳಿಸ್ಕೋಬಹುದು. ಫೈಬರ್ ಹಾಗಲ್ಲ. ಅದರ ಗಾಜಿನ ನಾರು, ನಾರನ್ನ ಗಟ್ಟಿ ಹಿಡಿಯೋ ರೆಸಿನ್ ಅಂಟು ಎರಡೂ ನೀರಿಗಿಂತ ತೂಕ. ಒಳಗೆ ಥರ್ಮಾಕೋಲೋ ಫೋಮೋ ತುಂಬಿಲ್ಲಾಂದ್ರೆ ನೀರು ತುಂಬಿದ ಮೇಲೆ ಸೀದಾ ತಳಕ್ಕೆ. ಶೆಡ್ಡಿಗೆ ಹೋದವನು ನಾನು ಮೊದಲು ಕೇಳಿದ್ದೇ ಇದನ್ನ. ಬೆಲೆ ಕೇಳೋದಕ್ಕೂ ಮುಂಚೆ!

"ಸೀಟಿನ ಪೆಟ್ಟಿಗೇಲಿ ಥರ್ಮಾಕೋಲ್ ಹಾಕಿದೀವಿ ಸಾರ್, ಮಗುಚಿದ್ರೂ ತೇಲುತ್ತೆ. ತಳಕ್ಕೆ ನಾಲ್ಕು ಲೇಯರ್ ಮ್ಯಾಟ್ ಇದೆ" ಅಂದ. ಮ್ಯಾಟ್ ಅಂದ್ರೆ ಗಾಜಿನ ನಾರಿನ ಹಾಳೆ. ಅಲ್ಲೇ ಬೋರಲು ಹಾಕಿದ್ದ ಒಂದು ತೆಪ್ಪದ ಮೇಲೆ ಹತ್ತಿ ಕುಣಿದು ತೋರಿಸಿದ. ಒಂಚೂರೂ ಬಗ್ಗಲಿಲ್ಲ. 16 ಸಾವಿರಕ್ಕೆ ಮಾತಾಯ್ತು. ಬಿಲ್ ಕೇಳಿದ್ರೆ "ಜಿಎಸ್‌ಟಿ ಬೇರೆ ಆಗುತ್ತೆ ಸಾರ್, ಯಾಕೆ ಸುಮ್ನೆ" ಅಂದ. ಎರಡು ದಿನ ಬಿಟ್ಟು ಕತ್ತಲಾದ ಮೇಲೆ ಟೆಂಪೋದಲ್ಲಿ ಕಳಿಸಿದ. ಅದೇ ನೀಲಿ ಬಣ್ಣ, ಅದೇ ಬಿಳಿ ಅಂಚು. ಆದ್ರೆ ಅವನು ಕುಣಿದ ತೆಪ್ಪ ಅದಾಗಿರಲಿಲ್ಲ.

ಮಾರಿಕಣಿವೆ ಅಂದ್ರೆ ಊರ ಮುಂದಿನ ಕೆರೆ ಅಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು, 130 ಅಡಿ, 30 ಟಿಎಂಸಿ ನೀರು. 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ನಡುವೆ ವರ್ಷಗಟ್ಟಲೆ ನೀರಿಲ್ಲದ ಜಾಗದಲ್ಲಿ ಬೆಳೆದ ಜಾಲಿ ಈಗ ನೀರಿನಡಿಗಿದೆ, ಮೇಲಿಂದ ಕಾಣಲ್ಲ. ಆಷಾಢದ ಗಾಳಿ ಎದ್ರೆ ದುಂಡನೆ ತೆಪ್ಪ ಹುಟ್ಟಿನ ಮಾತು ಕೇಳಲ್ಲ, ಗಾಳಿ ತಳ್ಳಿದ ಕಡೆಗೇ ಹೋಗುತ್ತೆ. ಅದಕ್ಕೇ ತಳ ಗಟ್ಟಿ ಇರಬೇಕು ಅಂತ ಅವನ ಹತ್ರ ಬಡ್ಕೊಂಡಿದ್ದು.

ಬಲೆ ಬಿಟ್ಟು ವಾಪಸ್ ಬರುವಾಗ ಜಾಲಿ ಬೊಡ್ಡೆಗೆ ತಳ ತಾಗಿತು. ಜೋರಾಗೇನೂ ಅಲ್ಲ. 'ಚರ್' ಅಂತು, ಕಾಲಡಿ ನೀರು. ಜೊತೆಗಿದ್ದ ಚಿಕ್ಕಪ್ಪನ ಮಗನಿಗೆ ಈಜು ಬರಲ್ಲ. ದಡ ಹತ್ತಿರ ಇತ್ತು, ಬಕೆಟಲ್ಲಿ ನೀರು ಎತ್ತಿ ಎತ್ತಿ ಹಾಕ್ತಾ ಹೆಂಗೋ ಬಂದ್ವಿ. ಹತ್ತಿರ ಇರದಿದ್ರೆ?

ದಡದಲ್ಲಿ ತೆಪ್ಪನ ಬೋರಲು ಎತ್ತಿ ಹಿಡಿದ್ವಿ. ಬಿಸಿಲು ತಳದೊಳಗಿಂದ ತೂರಿ ಬರ್ತಿತ್ತು. ಅಂಗೈಯಗಲ ಜಾಗಗಳಲ್ಲಿ ಬರೀ ಬಣ್ಣ, ಒಂದು ಪದರ ನಾರು, ಅಷ್ಟೇ. ಅಲ್ಲಿದ್ದ ಹಿರಿಯರೊಬ್ಬರು ಸೀಟಿನ ಪೆಟ್ಟಿಗೆಗೆ ಗೆಣ್ಣಲ್ಲಿ ಬಡಿದು, "ತಮ್ಮಾ, ಇದರೊಳಗೆ ಏನೂ ಇಲ್ವಲ್ಲೋ" ಅಂದ್ರು. ಸ್ಕ್ರೂ ಬಿಚ್ಚಿದ್ವಿ. ಮೊದಲು ನೀರು ಸುರೀತು. ಹಿಂದೇನೇ ಟಿವಿ ಡಬ್ಬದಲ್ಲಿ ಬರೋ ಥರ್ಮಾಕೋಲಿನ ಎರಡು ತುಂಡು ಉದುರಿದ್ವು. ಎರಡೇ ತುಂಡು! ಬಲೆ ಒಣಗಿಸ್ತಿದ್ದ ಅಷ್ಟೂ ಜನ ನಿಂತು ನೋಡ್ತಿದ್ರು. ಯಾರೂ ನಗಲಿಲ್ಲ, ಆದ್ರೂ ತಲೆ ಎತ್ತೋಕಾಗಲಿಲ್ಲ ನನಗೆ.

ಫೋನ್ ಮಾಡಿದ್ರೆ ಏನಂದ ಗೊತ್ತಾ? "ಥರ್ಮಾಕೋಲ್ ಹಾಕಿದೀವಿ ಅಂದಿದ್ದೆ. ಹಾಕಿದೀವಲ್ಲ." ಆ ದನಿ ಈಗಲೂ ಕಿವಿಯಲ್ಲಿದೆ. ಹಾಕಿದೀವಲ್ಲ ಅಂತೆ! ತಳದ ಫೋಟೋ ಕಳಿಸಿದೆ. "ಮರಕ್ಕೆ ಹೊಡೆಸಿದ್ರೆ ಯಾವ ತೆಪ್ಪ ಉಳಿಯುತ್ತೆ?" ಆಮೇಲೆ, "ಡ್ಯಾಮ್‌ಗೆ ಅಂತ ನೀನು ಹೇಳೇ ಇಲ್ವಲ್ಲಪ್ಪ, ಕೆರೆಗೆ ಅಂದ್ಕೊಂಡೆ." ಡ್ಯಾಮಿನ ಫೋಟೋ ಸಮೇತ ನಾನು ಕಳಿಸಿದ್ದ ವಾಟ್ಸಾಪ್ ಮೆಸೇಜ್ ಅವನ ಫೋನಲ್ಲೇ ಇದೆ, ನೀಲಿ ಟಿಕ್ ಬಿದ್ದಿದೆ. ಕೊನೆಗೆ, "ಪ್ಯಾಚ್ ಹಾಕ್ಕೊಡ್ತೀನಿ, 2,500 ಆಗುತ್ತೆ. ಇಲ್ಲಾಂದ್ರೆ ಬಿಲ್ ತೋರ್ಸು." ಬಿಲ್ ಬೇಡ ಅಂತ ಹೇಳಿಕೊಟ್ಟವನೇ ಬಿಲ್ ಕೇಳ್ತಾನೆ.

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದೀನಿ. ಫೋನ್‌ಪೇ ದಾಖಲೆ, ಮೆಸೇಜು ಎಲ್ಲ ಇಟ್ಕೊಂಡಿದೀನಿ.

ನೀವು ತಗೊಳ್ಳೋದಾದ್ರೆ ಬಿಲ್ ಇಲ್ಲದೆ ಒಂದು ರೂಪಾಯಿನೂ ಕೊಡಬೇಡಿ. ಎಷ್ಟು ಲೇಯರ್ ಮ್ಯಾಟ್, ಒಳಗೆ ಏನು ತುಂಬಿದೆ ಅನ್ನೋದನ್ನ ಬಿಲ್ ಮೇಲೇ ಬರೆಸಿ. ಆರಿಸಿದ ತೆಪ್ಪದ ಒಳಗಡೆ ಮಾರ್ಕರಲ್ಲಿ ನಿಮ್ಮ ಹೆಸರು ಬರೆದು, ಹಗಲಲ್ಲೇ, ಬಿಸಿಲಿಗೆ ಎತ್ತಿ ನೋಡಿ ತನ್ನಿ. ಲೈಫ್ ಜಾಕೆಟ್ ಹಾಕದೆ ಇಳೀಬೇಡಿ.

ಬಿಳಿ ಅಂಚಿನ ನೀಲಿ ತೆಪ್ಪ ಇತ್ತೀಚೆಗೆ ಹೈವೇ ಕಡೆಯಿಂದ ತಂದವರು ಇದ್ರೆ, ನಾಳೆ ನೀರಿಗೆ ಇಳಿಯೋ ಮುಂಚೆ ಸೀಟಿನ ಸ್ಕ್ರೂ ಬಿಚ್ಚಿ ನೋಡಿ. ಒಳಗೆ ಏನಿದೆ ಅಂತ ಫೋಟೋ ತೆಗೆದು ನನಗೂ ಕಳಿಸಿ, ದೂರಿನ ಜೊತೆ ಸೇರಿಸ್ತೀನಿ.