ಹಳೆ ಸ್ವಿಫ್ಟಿಗೆ ಟ್ರ್ಯಾಕ್ ಬ್ರೇಕು: ಮೂರು ಮಳೆಗಾಲ ಕಳೆದ ಮೇಲೆ

ಕಾರು 2008ರ ಸ್ವಿಫ್ಟ್, 1.3 ಪೆಟ್ರೋಲ್. ಬೇಸಿಗೆಯಲ್ಲಿ ಕೆಂಪು ಮಣ್ಣಿನ ಮೈದಾನಗಳಲ್ಲಿ ಆಟೋಕ್ರಾಸ್ (ಗಡಿಯಾರದ ವಿರುದ್ಧ ಓಡಿಸುವ ಪಂದ್ಯ), ಆಗಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಉಳಿದ ದಿನವೆಲ್ಲ ಕುಂಬಳೆಯ ಮನೆ ಶೆಡ್ಡಿನಲ್ಲಿ ಸಮುದ್ರದ ಗಾಳಿಗೆ ಸುಮ್ನೆ ನಿಂತಿರುತ್ತದೆ. ಬ್ರೇಕಿಗೆ ಓಡಾಟಕ್ಕಿಂತ ಈ ನಿಲ್ಲುವುದೇ ಜಾಸ್ತಿ ಕೇಡು.

ಹಾಕಿಸಿದ್ದು ಇಷ್ಟು: ಮುಂದಿನ ಕ್ಯಾಲಿಪರ್‌ಗಳಿಗೆ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ರಬ್ಬರ್ ಸೀಲ್ ಕಿಟ್, ಕಂಪನಿ ಅಳತೆಯದ್ದೇ ಹೊಸ ಡಿಸ್ಕ್, ರೇಸಿಂಗ್ ಪ್ಯಾಡ್, ಸ್ಟೀಲ್ ಬ್ರೇಡೆಡ್ ಹೋಸ್ (ಬ್ರೇಕ್ ಆಯಿಲ್ ಹರಿಯುವ, ಮೇಲೆ ಸ್ಟೀಲ್ ತಂತಿ ಹೆಣೆದ ಕೊಳವೆ), ಮೋಟುಲ್ ಆರ್‌ಬಿಎಫ್ 600 ಬ್ರೇಕ್ ಆಯಿಲ್. ಕೊಟ್ಟ ದುಡ್ಡಿಗೆ ಮೋಸ ಮಾಡದೆ ಕೆಲಸ ಮಾಡಿದ್ದು ಪಟ್ಟಿಯಲ್ಲಿ ಅಗ್ಗದ ಎರಡು, ಆಯಿಲ್ ಮತ್ತು ಸೀಲ್ ಕಿಟ್.

ಆಯಿಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಾಟ್ 3 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಎಳೆದುಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೇನು ಬರವೇ? ಇನ್ನು ಬಿಸಿಯ ಲೆಕ್ಕ: ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. 60ರಲ್ಲಿ ಓಡುವ ಕಾರನ್ನು ನಿಲ್ಲಿಸುವುದಕ್ಕೂ 120ರಲ್ಲಿ ನಿಲ್ಲಿಸುವುದಕ್ಕೂ ಅಷ್ಟು ಅಂತರ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಪ್ಯಾಡನ್ನು ತಳ್ಳುವ ಪಿಸ್ಟನ್ ಅಲುಗುವುದಿಲ್ಲ, ಕಾಲು ನೆಲ ಮುಟ್ಟುತ್ತದೆ. ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿವರೆಗೆ ತಾಳುತ್ತದೆ. ಇಷ್ಟು ದಿನ ಟ್ರ್ಯಾಕಿನಲ್ಲಿ ಒಂದು ಸಲವೂ ಪೆಡಲ್ ಮೆತ್ತಗಾಗಲಿಲ್ಲ. ಆದರೆ ಇದೂ ಸೇರಿ ಯಾವ ಗ್ಲೈಕಾಲ್ ಆಯಿಲ್ಲೂ ನೀರು ಎಳೆಯುತ್ತದೆ. ಅದಕ್ಕೆ ಪ್ರತಿ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸುತ್ತೇನೆ.

ಸೀಲ್ ಬದಲಿಸಲು ಕ್ಯಾಲಿಪರ್ ಬಿಚ್ಚಿದ ದಿನ ಪಕ್ಕದಲ್ಲೇ ಕೂತು ನೋಡಿದೆ. ಎದುರಿಗೆ ಮರದ ತುಂಡು ಇಟ್ಟು ಕಂಪ್ರೆಸರ್ ಗಾಳಿ ಬಿಟ್ಟರೆ ಪಿಸ್ಟನ್ ಟಪ್ ಅಂತ ಹೊರಗೆ ಬಂತು. ಪಿಸ್ಟನ್ನಿಗೆ ಧೂಳು ತಾಗದಂತೆ ಇರುವ ರಬ್ಬರ್ ಡಸ್ಟ್ ಬೂಟಿನ ಅಡಿಯಲ್ಲಿ ಕೆಂಪು ಮಣ್ಣು, ತುಕ್ಕು ಸೇರಿ ಒಣಗಿದ ಚಟ್ನಿಯ ಹಾಗೆ ಗಟ್ಟಿ. ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಆ ಚೌಕ ಅಂಚಿನ ರಬ್ಬರ್ ಸೀಲೇ. ಅದು ಬಿರುಸಾದರೆ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ, ಸುಮ್ಮನೆ ಉಜ್ಜಿ ಕಾಯುತ್ತದೆ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನಿಗೆ ಸಿಲಿಕಾನ್ ಗ್ರೀಸೇ ಆಗಬೇಕು, ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಡಿಸ್ಕ್ ಕೂರುವ ಹಬ್ ಮುಖದ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಓರೆ ಇದೆಯೇ ಅಂತ ಡಯಲ್ ಗೇಜ್ ಇಟ್ಟು ನೋಡಿದ ಮೇಲೆಯೇ ಡಿಸ್ಕ್ ಕೂರಿಸಿದರು. ಮುಂಚೆ ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗುತ್ತಿತ್ತು, ಈಗ ಇಲ್ಲ. ಕೊನೆಗೆ ಬ್ರೇಕ್ ಆಯಿಲಿನೊಳಗಿನ ಏರ್ ತೆಗೆಯುವಾಗ ಗ್ಯಾರೇಜಿನ ಅಣ್ಣ ಚಕ್ರದ ಹತ್ತಿರ ಕೂತು "ಒತ್ತಿ... ಹಿಡ್ಕೊಳ್ಳಿ... ಬಿಡ್ಬೇಡಿ ಮಾರಾಯ್ರೇ!" ಅಂತ ಕೂಗುತ್ತಲೇ ಇದ್ದರು. ಕಾಲು ನೋವು ಬಂದದ್ದು ನನಗೆ.

ಬ್ರೇಡೆಡ್ ಹೋಸಿನಿಂದ ಪೆಡಲ್ ಗಟ್ಟಿಯಾಯಿತು, ನಿಲ್ಲುವ ದೂರವೇನೂ ಕಮ್ಮಿಯಾದಂತಿಲ್ಲ. ಹಳೆ ರಬ್ಬರ್ ಹೋಸ್ ಹೇಗೂ ಬದಲಿಸುವುದಿದ್ದರೆ ಹಾಕಿಸಿ.

ಪ್ಯಾಡ್ ಬಗ್ಗೆ ದೂರು ಇದೆ. ಕಾದ ಮೇಲೆ ಅದ್ಭುತ ಹಿಡಿತ. ತಣ್ಣಗಿರುವಾಗ ಮನೆಯಿಂದ ಹೊರಟು ಸೀತಾಂಗೋಳಿ ಕಡೆ ತಿರುಗುವವರೆಗೂ ನಂಬಿಕೆ ಬರುವುದಿಲ್ಲ. ಪೇಟೆಯಲ್ಲಿ ನಿಲ್ಲಿಸಿದರೆ ಕಿರ್ರೋ ಅನ್ನುತ್ತದೆ, ಜನ ತಿರುಗಿ ನೋಡುತ್ತಾರೆ. ಚಕ್ರದ ಮೇಲೆ ಕಪ್ಪು ಧೂಳು ಬೇರೆ. ಹೊಸದಾಗಿ ಹಾಕಿದವರು ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಮೊದಲು ಖಾಲಿ ರಸ್ತೆಯಲ್ಲಿ, ಪೂರ್ತಿ ನಿಲ್ಲಿಸದೆ, 80ರಿಂದ 20ಕ್ಕೆ ಮತ್ತೆ ಮತ್ತೆ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಕಾದ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಡಿಸ್ಕಿನ ಮೇಲೆ ಅಚ್ಚು ಬೀಳುತ್ತದೆ.

ಹಿಂದಿನ ಚಕ್ರಕ್ಕೂ ಡಿಸ್ಕ್ ಹಾಕಿಸಿ ಅಂದವರಿದ್ದಾರೆ. ಬೇಡ ಅಂದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ ಅಲ್ವಾ, ಹಿಂದೆ ಜಾಸ್ತಿ ಹಿಡಿದರೆ ಚಕ್ರ ಲಾಕ್ ಆಗಿ ಕಾರು ತಿರುಗುತ್ತದೆ. ಆಟೋಕ್ರಾಸಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕಾರು ತಿರುಗಿಸುವುದಕ್ಕೆ ಹಿಂದೆ ಈಗಿರುವ ಡ್ರಮ್ ಬ್ರೇಕೇ ಒಳ್ಳೆಯದು. ತೂತಿನ ಡಿಸ್ಕ್ ಕೂಡ ಚಂದಕ್ಕೆ ಅಷ್ಟೇ. ಟ್ರ್ಯಾಕಿನ ಬಿಸಿಗೆ ತೂತಿನ ಸುತ್ತಲೇ ಬಿರುಕು ಶುರುವಾಗುವುದು.

ಮುಂದಿನ ಸಲವೂ ಕಂಪನಿ ಡಿಸ್ಕನ್ನೇ ತರಿಸುತ್ತೇನೆ. ಪ್ಯಾಡ್ ಮಾತ್ರ ತಣ್ಣಗಿದ್ದಾಗಲೂ ಕಚ್ಚುವಂಥದ್ದು, ಬಿಸಿಯಲ್ಲಿ ಸ್ವಲ್ಪ ಕಮ್ಮಿಯಾದರೂ ಅಡ್ಡಿ ಇಲ್ಲ.