ಸೊಂಟದ ಕೀಲಿಗೆ ಕಂಪ್ಯೂಟರ್ ಪ್ಲಾನಿಂಗ್: ಕೆಲಸ ಚೆನ್ನ, ಬಿಲ್ಲು ಗೋಜಲು

ನಮ್ಮ ಮಾವನಿಗೆ ಎಡ ಸೊಂಟದ ಕೀಲು ಬದಲಿಸುವ ಆಪರೇಶನ್ ಆಯಿತು, ಮುಂಬೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮಾಟುಂಗಾದ ಹೋಟೆಲಿನಲ್ಲಿ ವರ್ಷಗಟ್ಟಲೆ ನಿಂತು ದುಡಿದವರು. ಕೀಲಿನ ಚೆಂಡಿಗೆ ರಕ್ತ ಹೋಗುವುದು ನಿಂತು ಮೂಳೆ ಕುಸಿದಿತ್ತು, ಆ ಕಾಲು ಗಿಡ್ಡವೂ ಆಗಿತ್ತು.

ಮೊದಲೆಲ್ಲ ಎಕ್ಸ್‌ರೇ ಮೇಲೆ ಕೃತಕ ಕೀಲಿನ ಅಳತೆಯ ಪಾರದರ್ಶಕ ಹಾಳೆ ಇಟ್ಟು ಸೈಜ್ ನೋಡುತ್ತಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದನ್ನು ಲೆಕ್ಕದಲ್ಲಿ ಕಳೆಯಬೇಕು. ಇಲ್ಲಿ ಸಿಟಿ ಸ್ಕ್ಯಾನ್ ಮಾಡಿ ಮಾವನ ಮೂಳೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟಿದರು. ನಿಂತಾಗ ಒಂದು, ಕೂತಾಗ ಒಂದು ಅಂತ ಎಕ್ಸ್‌ರೇ ಬೇರೆ.

ಯಾಕೆ ಅಂದರೆ, ಸೊಂಟದ ಗುಳಿಯಲ್ಲಿ ಕೂರಿಸುವ ಕೃತಕ ಬಟ್ಟಲನ್ನು, ಅಂದರೆ ಕಪ್ ಅನ್ನು, 40 ಡಿಗ್ರಿ ಓರೆಯಾಗಿ, 15 ಡಿಗ್ರಿ ಮುಂದಕ್ಕೆ ತಿರುಗಿಸಿ ಕೂರಿಸುವುದು 1978ರಿಂದ ಬಂದ ಲೆಕ್ಕ, ಎರಡರಲ್ಲೂ 10 ಡಿಗ್ರಿ ಆಚೀಚೆ ಆದರೂ ನಡೆಯುತ್ತದೆ ಅಂತ. ಆದರೆ ಆ ಲೆಕ್ಕದೊಳಗೇ ಇದ್ದರೂ ಕೆಲವರ ಕೀಲು ಜಾರುತ್ತದೆ. ಕೂತಾಗ ಸೊಂಟದ ಮೂಳೆ ಹಿಂದಕ್ಕೆ ವಾಲಬೇಕು, ಬೆನ್ನು ಬಿಗಿದವರಲ್ಲಿ ಅದು ಅಷ್ಟಾಗಿ ವಾಲುವುದಿಲ್ಲ, ಆಗ ಕೀಲಿನ ಭಾಗಗಳು ಒಂದಕ್ಕೊಂದು ತಾಗಿ ಜಾರಬಹುದು. ಮಾವನ ಬೆನ್ನೂ ಹಾಗೇ.

ಡಾಕ್ಟರು ಸ್ಕ್ರೀನಿನಲ್ಲಿ ತೊಡೆ ಮಡಚಿ ಒಳಕ್ಕೆ ತಿರುಗಿಸಿದರು. ಒಂದು ಹಂತದಲ್ಲಿ ತೊಡೆಮೂಳೆಯೊಳಗೆ ಇಳಿಸುವ ಕೃತಕ ದಂಡದ, ಅಂದರೆ ಸ್ಟೆಮ್‌ನ ಕತ್ತು ಕಪ್‌ನ ಅಂಚಿಗೆ ತಾಗಿತು, ಅಲ್ಲಿ ಕೆಂಪು ಚುಕ್ಕೆ. ಕಪ್ಪನ್ನು ಸ್ವಲ್ಪ ತಿರುಗಿಸಿದರು, ಕೆಂಪು ಹೋಯಿತು. ಮಾವ ಕನ್ನಡಕ ಏರಿಸಿ, "ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರಬಹುದಾ ಡಾಕ್ಟ್ರೇ?" ಅಂದರು. ಡಾಕ್ಟರು ಅದನ್ನೂ ಮಾಡಿ ತೋರಿಸಿ, "ಇದರಲ್ಲಿ ಮಾಂಸಖಂಡ ಇಲ್ಲ, ಬರೀ ಮೂಳೆ ಮತ್ತು ಕೀಲು. ಮೊದಲ ಕೆಲವು ತಿಂಗಳು ಕುರ್ಚಿಯೇ ಗತಿ" ಅಂದರು. ಸುಮ್ನೆ ಹ್ಞೂಂ ಅನ್ನಲಿಲ್ಲ, ಅದು ನನಗೆ ಹಿಡಿಸಿತು.

ಪ್ಲಾನ್ ಮಾಡಿದರೆ ಆಯಿತೇ, ಅದೇ ಕೋನಕ್ಕೆ ಕೂರಿಸುವುದು ಕೈಚಳಕ. ರೋಬೋಟ್ ಬಳಸಿದರೂ ಡಾಕ್ಟರ ಅನುಭವ ಮೊದಲು ನೋಡಿ. ಬೆನ್ನು ಚೆನ್ನಾಗಿದ್ದು, ಮೂಳೆಯ ಆಕಾರ ಕೆಡದೆ ಬರೀ ಸವೆದಿದ್ದರೆ ಕಂಪ್ಯೂಟರಿನಲ್ಲಿ ಎಕ್ಸ್‌ರೇ ಅಳತೆ ತೆಗೆದರೂ ಸಾಕಾಗಬಹುದು, ಕೇಳಿ ನೋಡಿ. ಬೆನ್ನು ಬಿಗಿ, ಹುಟ್ಟಿನಿಂದ ಕೀಲು ಓರೆ, ಹಳೇ ಆಪರೇಶನ್ ಇದ್ದರೆ ಮಾತ್ರ ಈ ಸಿಟಿ ಪ್ಲಾನಿಂಗ್ ಬಿಡಬೇಡಿ.

ಇನ್ನು ಬಿಲ್ಲು. ಪ್ಯಾಕೇಜ್ ಅಂದರು, ಡಿಸ್ಚಾರ್ಜ್ ದಿನ ಪ್ಲಾನಿಂಗ್ ಚಾರ್ಜು ಬೇರೆ ಸಾಲಿನಲ್ಲಿ! ಇನ್ಶೂರೆನ್ಸ್‌ನವರು ಅದನ್ನು ಕೊಡಲ್ಲ ಅಂದರು, ಕೌಂಟರಿನವರು ಕೈ ಎತ್ತಿದರು, ಕೈಯಿಂದಲೇ ಕಟ್ಟಿದೆವು. ಎಸ್ಟಿಮೇಟ್ ಕೊಡುವಾಗಲೇ ಸಿಟಿ, ಪ್ಲಾನಿಂಗ್ ಎರಡೂ ಸೇರಿದೆ ಅಂತ ಬರೆಸಿಕೊಳ್ಳಿ. ಡಾಕ್ಟರಿಗೆ ಐದಕ್ಕೆ ಐದು, ಬಿಲ್ಲಿಂಗಿಗೆ ಒಂದೇ ಜಾಸ್ತಿ.